ಯಾರ ಕೈಯೂ ಸೋಕದ ಗೋಡೆ

ಹೋದ ವರ್ಷ ನಮ್ಮೂರು ಕುಮಾದಾನಿಗೆ ಹಿಮ ತಡವಾಗಿ ಬಿದ್ದದ್ದು ನನ್ನಿಂದ. ನನ್ನ ಗೋಡೆ ಇನ್ನೂ ಹಸಿಯಾಗಿತ್ತು. ಬೆಟ್ಟದ ನೆತ್ತಿಯ ಕಡೆ ತಿರುಗಿ, ನಾನು ಹೇಳೋ ತನಕ ಕೆಳಗಿಳಿದೀಯ ಜೋಕೆ ಅಂದೆ, ಅಷ್ಟೆ. ಹಿಮ ಆಗಲೇ ಒಂದು ಕಾಲು ಮುಂದಕ್ಕೆ ಎತ್ತಿತ್ತು. ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡಿತು. ಟೀವಿಯ ಹವಾಮಾನದವರು ಅದಕ್ಕೆ ಬೇರೆ ಏನೇನೋ ಕಾರಣ ಕೊಟ್ಟರು. ಕೊಡಲಿ ಪಾಪ, ಅವರ ಹೊಟ್ಟೆಪಾಡೂ ನಡೆಯಬೇಕಲ್ಲ.

ಗೋಡೆಯೂ ಅಂಥದ್ದೇ. ಬೆಳಗಿನ ಅನ್ನ ಉಂಡು ಎದ್ದವಳು, ಮಧ್ಯಾಹ್ನದ ಅನ್ನ ಬೇಯುವಷ್ಟರಲ್ಲಿ ಒಬ್ಬಳೇ ಮೆತ್ತಿ ಮುಗಿಸಿದೆ. ಆಮೇಲೆ ಬಂದ ಭೂಕಂಪ ನಮ್ಮ ಅಂಗಳದ ತನಕ ಬಂದು, ಗೋಡೆಯನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, ಪಕ್ಕದ ಕಣಿವೆಗೆ ತಿರುಗಿಕೊಂಡಿತು. ಎಪ್ಪತ್ತು ದಾಟಿದ ಹೆಂಗಸಿನ ಕೈ ಇದು. ಇದನ್ನೇ ಅಲ್ಲವೇ ನೆಜು ಲೆಕ್ಕಕ್ಕಿಲ್ಲ ಅಂದದ್ದು.

ನೆಜು ಅಂದರೆ ನಮ್ಮ ಕೇರಿಯ ಮುಖಂಡ. ನನಗಿಂತ ಐದಾರು ವರ್ಷ ಚಿಕ್ಕವನು. ಅವನ ಸಿಂಬಳ ಒರೆಸಿದ್ದು ಇದೇ ಕೈ. ಹೋದ ವರ್ಷದ ಹಿಂದಿನ ಚಳಿಗಾಲದಲ್ಲಿ ಮುಖಂಡನಾದ. ಆದ ಮೊದಲ ವಸಂತದಲ್ಲೇ ಒಂದು ಡಬ್ಬಿ ಸಿಹಿ ಹಿಡಿದುಕೊಂಡು ನಮ್ಮ ಮನೆ ಬಾಗಿಲಿಗೆ ಬಂದು, ಮೆಟ್ಟಿಲ ಮೇಲೆ ಮಂಡಿಯೂರಿ ಕೂತ. ಈ ವರ್ಷದಿಂದ ಕಾಲುವೆ ಕೆಲಸಕ್ಕೆ ನಿಮ್ಮ ಮನೆಯವರು ಬರಬೇಕಾಗಿಲ್ಲ, ನಿಮ್ಮ ಸರದಿ ಮಾಫಿ ಮಾಡಿದ್ದೀವಿ ಅಂದ. "ಇಷ್ಟು ವರ್ಷ ದುಡಿದಿದ್ದೀರಿ ಅಜ್ಜಿ. ಇನ್ನು ಹಾಯಾಗಿರಿ."

ಹಾಯಾಗಿರಬೇಕಂತೆ. ಗದ್ದೆಗೆ ನೀರು ಬಿಡುವ ಮುಂಚೆ, ಬೆಟ್ಟದ ತೊರೆಯಿಂದ ಬರುವ ಕಾಲುವೆಯ ಹೂಳೆತ್ತಲು ಮನೆಗೊಬ್ಬರು ಗುದ್ದಲಿ ಹಿಡಿದು ಹೋಗುವುದು ನಮ್ಮಲ್ಲಿ ನಡೆದುಬಂದದ್ದು. ನನ್ನ ಗಂಡ ಇದ್ದಾಗ ಅವನು ಹೋದ. ಅವನು ತೀರಿಕೊಂಡ ಮೇಲೆ ನಾನು ಹೋದೆ, ನಾನು ಕಾಯಿಲೆಯಿಂದ ಮಲಗಿದಾಗ ನಾದಿನಿ ನುಯಿ ಹೋದಳು. ಕಾಲುವೆಯೊಂದೇ ಅಲ್ಲ, ಕುಮಾದಾನಿ ನಿಂತಿರುವುದೇ ಮುಯ್ಯಾಳಿನ ಮೇಲೆ. ನಿನ್ನ ಮನೆಯ ಮಾಡು ಹೊದಿಸಲು ನಾನು ಬರುತ್ತೇನೆ, ನನ್ನ ನಾಟಿಗೆ ನೀನು ಬಾ. ಕೈ ಕೊಡದ ಮನೆ ಕೈ ಕೇಳುವ ಹಾಗಿಲ್ಲ. ಸರದಿ ಮಾಫಿಯಾದ ಮನೆಯನ್ನು ಊರು ಆಮೇಲೆ ನೆನೆಯುವುದು ಹೆಣ ಎತ್ತುವಾಗ ಮಾತ್ರ. ನಾನೂ ನುಯಿಯೂ ಇನ್ನೂ ಮೂರು ಮಡಿ ಗದ್ದೆ ನಾಟಿ ಮಾಡುವವರು. ನಮ್ಮನ್ನು ಸಿಹಿ ತಿನ್ನಿಸಿ ಸತ್ತವರ ಸಾಲಿಗೆ ಸೇರಿಸಿಬಿಟ್ಟ.

ಆ ಡಬ್ಬಿಯನ್ನು ನಾನು ಎಸೆದ ರಭಸಕ್ಕೆ ಅದು ದೇವದಾರು ಮರಗಳ ಮೇಲಿಂದ ಹಾರಿ ನದಿ ದಾಟಿತು. ಒಳಗಿದ್ದ ಸಿಹಿಯನ್ನು ನುಯಿ ಅಷ್ಟರಲ್ಲೇ ತಿಂದಿದ್ದಳು, ಆ ಮಾತು ಬೇರೆ.

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಮಿಸೊ ಕೊಟ್ಟಿಗೆಯ ರಸ್ತೆ ಕಡೆಯ ಗೋಡೆ ಹೊಟ್ಟೆ ಬಿಟ್ಟುಕೊಂಡು ಕೆಳಗೆ ಕೂತಿತು. ಬಸ್ಸಲ್ಲಿ ಹೋಗುವವರಿಗೆಲ್ಲ ಸೋಯಾ ಕಾಳು ಹುದುಗುವ ನಮ್ಮ ಪೀಪಾಯಿಗಳ ದರ್ಶನ. ಕೇರಿಯ ಸಭೆ ಸೇರಿತು. ಮಕ್ಕಳು ಬಸ್ಸಿಗೆ ಕಾಯುವ ಜಾಗ ಅದು, ಕೊಟ್ಟಿಗೆ ಕೆಡವುವುದೇ ಕ್ಷೇಮ, ಇಲ್ಲ ತಗಡು ಹೊಡೆಸಿ ಅಂದರು. ತಗಡಿನ ಒಳಗೆ ಮಿಸೊ ಬೇಸಿಗೆಯಲ್ಲಿ ಬೆಂದುಹೋಗುತ್ತದೆ, ಅದಕ್ಕೆ ಮಣ್ಣಿನ ಗೋಡೆಯೇ ಆಗಬೇಕು ಅಂದೆ. ನೆಜು ಕತ್ತು ಓರೆ ಮಾಡಿದ. ಹಾಗಿದ್ದರೆ ನಾಲ್ಕು ಜನರನ್ನು ಕಳಿಸಿಕೊಡುತ್ತೇನೆ, ನೀವು ಮುಯ್ಯಿ ತೀರಿಸುವುದೇನೂ ಬೇಡ ಅಂದ.

ಸಭೆಯ ಚಾಪೆಗಳೆಲ್ಲ ನನ್ನ ಕಾಲಡಿ ಕಾದುಹೋದವು.

"ತಿರುಗಿ ಕೊಡೋ ಹಾಗಿಲ್ಲದ ಕೈ ನಮ್ಮನೆಗೆ ಬೇಡ," ಅಂದೆ. "ಗೋಡೆ ನಾನೇ ಎತ್ತೀನಿ. ಹಿಮ ಬೀಳೋ ಮುಂಚೆ ಎದ್ದು ನಿಂತ್ರೆ, ಬರೋ ವಸಂತಕ್ಕೆ ಕಾಲುವೆಯಲ್ಲಿ ನಮ್ಮನೆ ಸರದಿ ವಾಪಸ್ ಬರಬೇಕು."

"ಯಾರ ಕೈಯೂ ಸೋಕದೆ?"

"ಯಾರ ಕೈಯೂ ಸೋಕದೆ."

"ನಿಲ್ಲದೇ ಇದ್ರೆ ಕೊಟ್ಟಿಗೆ ಕೆಡವ್ತೀವಿ, ಮಸಾಯೊ-ಸಾನ್. ಆಮೇಲೆ ಜಗಳ ಆಡಬಾರದು."

ಈ ಸಲ ಅಜ್ಜಿ ಅನ್ನಲಿಲ್ಲ, ಮರ್ಯಾದೆಯಿಂದ ಹೆಸರು ಹಿಡಿದು ಕರೆದ, ಗಮನಿಸಿ.

ಬಿದ್ದ ಗೋಡೆಯ ಮಣ್ಣನ್ನೇ ಅಂಗಳದಲ್ಲಿ ಗುಂಡಿ ತೆಗೆದು ತುಂಬಿದೆವು. ಹಳೆಯ ಗೋಡೆಯ ಮಣ್ಣಿನಷ್ಟು ಒಳ್ಳೆಯ ಮಣ್ಣು ಇನ್ನಿಲ್ಲ. ಅದಕ್ಕೆ ಹೊಸ ಜೇಡಿ, ಕತ್ತರಿಸಿದ ಭತ್ತದ ಹುಲ್ಲು, ನೀರು. ತುಳಿಯುವುದು, ಬಿಡುವುದು, ಮತ್ತೆ ಹುಲ್ಲು ಹಾಕಿ ತುಳಿಯುವುದು. ಹುಲ್ಲು ಕೊಳೆತು ಮಣ್ಣಿಗೆ ಅಂಟು ಬರುವ ತನಕ ಕಾಯಬೇಕು. ಆ ನಾತಕ್ಕೆ ಮೂರು ಬೆಟ್ಟದ ಕಾಡುಹಂದಿಗಳು ಮರಿಗಳನ್ನು ಕರೆದುಕೊಂಡು ಜಿಲ್ಲೆ ಬಿಟ್ಟವು. ನೆಜು ತನ್ನ ಪುಟ್ಟ ಬಿಳಿ ಟ್ರಕ್ಕಿನ ಗಾಜು ಏರಿಸಿಕೊಂಡು ನಮ್ಮ ಮನೆ ಮುಂದೆ ಹೋಗುತ್ತಿದ್ದ. ಹೋಗುವಾಗ ಮಾತ್ರ ಬಲು ನಿಧಾನ, ಕಣ್ಣು ಗುಂಡಿಯ ಮೇಲೆ. ಒಂದು ದಿನ ಗಾಜು ಇಳಿಸಿ, ಮಣ್ಣು ಸರಿಯಾಗಿ ಕೊಳೆತಿದೆಯಾ ಅಂತ ಕೇಳಿದ. ನಿನ್ನಷ್ಟು ಇಲ್ಲ ಅಂದೆ.

ಎಲೆ ಕೆಂಪಾದ ಮೇಲೆ ಬಿದಿರು ಕಡಿದೆವು. ಅದಕ್ಕೆ ಮುಂಚೆ ಕಡಿದರೆ ಹುಳ ಹಿಡಿಯುತ್ತದೆ. ನುಯಿ ಸೀಳಿದಳು, ನಾನು ಕಂಬದಿಂದ ಕಂಬಕ್ಕೆ ತಡಿಕೆ ಹೆಣೆದು ಹುಲ್ಲಿನ ಹುರಿಯಲ್ಲಿ ಕಟ್ಟಿದೆ. ನನ್ನ ಗಂಟು ಬಿಚ್ಚುವ ಗಂಡು ಇನ್ನೂ ಹುಟ್ಟಿಲ್ಲ.

ಮೆತ್ತುವ ದಿನದ ಬಗ್ಗೆ ಏನು ಹೇಳಲಿ. ನುಯಿ ಕೂತು ಟೀ ಕುಡಿಯುತ್ತಿದ್ದಳು. ನಾನು ಎಡಗೈಯಲ್ಲಿ ಮುದ್ದೆ ಎಸೆದು ಬಲಗೈಯಲ್ಲಿ ತಟ್ಟಿದೆ. ಹೊರಗಿನಿಂದ ಎಸೆದದ್ದನ್ನು ತಡಿಕೆಯ ಆ ಕಡೆ ಹಿಡಿಯಲು ಒಳಗೆ ಓಡುತ್ತಿದ್ದೆ. ಮುದ್ದೆಗಿಂತ ಮುಂಚೆ ನಾನೇ ಅಲ್ಲಿರುತ್ತಿದ್ದೆ. ಸೂರ್ಯ ನೆತ್ತಿಗೆ ಬರುವಷ್ಟರಲ್ಲಿ ಗೋಡೆ ಮುಗಿದಿತ್ತು. ಹಿಮಕ್ಕೆ ಹೇಳಬೇಕಾದ್ದನ್ನು ಹೇಳಿದೆ, ಅದು ಕೇಳಿತು. ಗೋಡೆ ಒಣಗಿದ ದಿನ ನೆಜು ಬಂದು, ಹಣೆ ಮಣ್ಣಿಗೆ ತಾಗುವ ಹಾಗೆ ಬಗ್ಗಿ, ಮಸಾಯೊ-ಸಾನ್, ನಿಮ್ಮ ಸರದಿ ನಿಮಗೆ ಅಂದ.

ಈ ಕಥೆಯನ್ನು ನಾನು ಇದೇ ರೀತಿ, ಒಂದು ಮಾತೂ ಬಿಡದೆ, ಈ ವಸಂತದಲ್ಲಿ ಕಾಲುವೆಯ ದಂಡೆಯ ಮೇಲೆ ಹೇಳಿದೆ. ಮೇಲಿನ ತೂಬಿನ ತನಕ ಹೂಳೆತ್ತಿ, ಎಲ್ಲರೂ ಟೀಗೆ ಕೂತಿದ್ದರು. ಕೆಳಗಿನ ಖಾಲಿ ಮನೆಗೆ ಹೊಸದಾಗಿ ಬಂದ ಗಂಡಹೆಂಡಿರೂ ಇದ್ದರು, ಗಂಡ ಗುದ್ದಲಿ ಹಿಡಿದು, ಹೆಂಡತಿ ಟೀ ಹೊತ್ತು. ಆ ಹುಡುಗಿ ಮಿಜುಹೊಗೆ ತನ್ನ ಮನೆಯ ಗೋಡೆಯನ್ನೂ ಮಣ್ಣಲ್ಲೇ ಕಟ್ಟಬೇಕು ಅನ್ನುವ ಆಸೆ. ಅಕ್ಕಿಮುದ್ದೆ ಕಚ್ಚುವುದನ್ನೂ ಮರೆತು ಬಾಯಿಬಿಟ್ಟು ಕೇಳುತ್ತಿದ್ದಳು. ಹೋದ ವರ್ಷ ಇರದಿದ್ದವರು ಅವರಿಬ್ಬರೇ. ಉಳಿದವರೆಲ್ಲ ಯಾಕೋ ತಮ್ಮ ತಮ್ಮ ಬೂಟಿನ ಕೆಸರನ್ನೇ ನೋಡುತ್ತಿದ್ದರು.

"ಒಬ್ಬರೇನಾ?" ಅಂದಳು ಮಿಜುಹೊ. "ಹಾಗಾದ್ರೆ ನಾನೂ ಒಬ್ಬಳೇ ಮಾಡಬಹುದು. ಈ ಚಳಿಗಾಲದ ಮುಂಚೆ ಶುರು ಮಾಡ್ತೀನಿ."

ನುಯಿ ಗುದ್ದಲಿಯ ಮಣ್ಣು ಕೆರೆಯುತ್ತ ಕೂತಿದ್ದಳು. ನಮ್ಮ ಮನೆಯಲ್ಲಿ ಮಾತಿನ ಪಾಲೆಲ್ಲ ನಂದು, ಅವಳದು ಬರೀ ಉಪ್ಪಿನಕಾಯಿ. ತಲೆ ಎತ್ತದೆಯೇ ಕೇಳಿದಳು.

"ಅತ್ತಿಗೆ, ಬೇರೆ ಮನೆಯಿಂದೆಲ್ಲ ಗುದ್ದಲಿ ಹಿಡಿಯೋಕೆ ಒಬ್ಬೊಬ್ರು ಬಂದಿದಾರೆ. ನಮ್ಮನೆಯಿಂದ ಮಾತ್ರ ಇಬ್ರು. ಯಾರ ಕೈಯೂ ಇಸ್ಕೊಂಡಿಲ್ಲ ಅಂದ್ರೆ, ಬೆಳಗ್ಗೆಯಿಂದ ನಾವಿಲ್ಲಿ ಯಾರ ಮುಯ್ಯಿ ತೀರಿಸ್ತಾ ಇದೀವಿ?"

ನೆಜು ಟೀ ಲೋಟದೊಳಗೆ ಕೆಮ್ಮಿದ. ಟೀ ಕೊಡಲು ಬಂದಿದ್ದ ಅವನ ಹೆಂಡತಿ ಇಕುಯೊ ಮುಖಕ್ಕೆ ಟವೆಲು ಒತ್ತಿಕೊಂಡಳು. ಮಿಜುಹೊ ನನ್ನನ್ನು ನೋಡಿದಳು, ನುಯಿಯನ್ನು ನೋಡಿದಳು. ಆ ಹುಡುಗಿ ನನ್ನ ಮಾತು ನಂಬಿ ಚಳಿಯಲ್ಲಿ ಒಬ್ಬಳೇ ಮಣ್ಣಿಗೆ ಕೈ ಹಾಕುವವಳು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಾಯಿತು.

ಹೌದು, ಬೆಳಗಿಂದ ಮಧ್ಯಾಹ್ನಕ್ಕಲ್ಲ, ದಿನಗಟ್ಟಲೆ ಮೆತ್ತಿದ್ದು. ಟೀ ಕುಡಿಯುತ್ತ ಕೂತವಳು ನಾನು. ನುಯಿ ತಟ್ಟಿದ್ದೇ ಹೆಚ್ಚು. ಬಿದಿರಿಗೆ ಹುಳ ಹಿಡಿಯದಿರಲಿ ಅಂತ ಕಾದೆವು, ಮಣ್ಣು ಇನ್ನೂ ಕೊಳೆಯಲಿ ಅಂತ ಕಾದೆವು. ಹೀಗೆ ಎಲ್ಲ ಸರಿಯಾಗಿ ಆಗಬೇಕು ಅಂತ ಕಾದೂ ಕಾದೂ, ಮೆತ್ತುವ ಹೊತ್ತಿಗೆ ಚಳಿ ಬಾಗಿಲಿಗೆ ಬಂದಿತ್ತು. ಹಿಮ ತಡವಾಯಿತು, ನಿಜ. ಇಬ್ಬನಿ ಗಡ್ಡೆಕಟ್ಟುವ ಚಳಿ ತಡವಾಗಲಿಲ್ಲ. ಗೋಡೆಯೊಳಗಿನ ನೀರು ಹೆಪ್ಪುಗಟ್ಟಿ ಮಣ್ಣನ್ನು ತಡಿಕೆಯಿಂದ ಎಬ್ಬಿಸಿತು. ಬೆಳಗ್ಗೆ ಬಿಸಿಲು ತಾಗಿದ್ದೇ ತಡ, ಗೋಡೆಯ ಮೇಲಿನ ಅರ್ಧ, ರೊಟ್ಟಿ ರೊಟ್ಟಿಯಾಗಿ ಕಳಚಿ ಬಿತ್ತು. ನಾನು ಬೀಳುವ ಮಣ್ಣನ್ನು ಅಂಗೈಯಲ್ಲಿ ಒತ್ತಿ ಹಿಡಿದುಕೊಂಡು ನಿಂತೆ. ಎರಡು ಅಂಗೈಗೆ ಎಷ್ಟು ಗೋಡೆ ಸಿಗುತ್ತದೆ?

ಆಮೇಲೆ ನೆಜು ಮನೆಗೆ ಹೋದೆ. ಅವನೂ ಇಕುಯೊನೂ ಜಗಲಿಯಲ್ಲಿ ಕೂತು ಒಣಗಿಸಲು ಕಾಕಿ ಹಣ್ಣು ಸುಲಿಯುತ್ತಿದ್ದರು. ನನ್ನ ತೋಳಿನ ತನಕ ಕೆಸರು. ಕೈ ಕೊಡಿ ಅಂದೆ. ಎಷ್ಟು ಮೆಲ್ಲಗೆ ಅಂದೆನೋ, ಅವನಿಗೆ ಕೇಳಿಸಲಿಲ್ಲ, ಏನಂದ್ರಿ ಅಂದ. ಇನ್ನೊಂದು ಸಲ ಹೇಳಬೇಕಾಯಿತು. ನನ್ನ ಜನ್ಮದಲ್ಲಿ ಎರಡು ಸಲ ಹೇಳಿದ ಮಾತು ಅದೊಂದೇ, ಮಿಕ್ಕಿದ್ದೆಲ್ಲ ಹತ್ತು ಸಲ ಹೇಳಿದ್ದೇನೆ.

ಅವನು ನಗಲಿಲ್ಲ. ಚಾಕು ಕೆಳಗಿಟ್ಟು ಎದ್ದ. ಮಧ್ಯಾಹ್ನದ ಹೊತ್ತಿಗೆ ಕೇರಿಯ ಎಲ್ಲ ಮನೆಯವರೂ ನಮ್ಮ ಅಂಗಳದಲ್ಲಿದ್ದರು. ಬಿದ್ದದ್ದನ್ನು ಮತ್ತೆ ತುಳಿದು, ಮತ್ತೆ ಮೆತ್ತಿ, ಹೊರಗೆ ಹುಲ್ಲುಚಾಪೆ ಕಟ್ಟಿ, ಒಳಗೆ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟರು. ಗೋಡೆ ಒಣಗುವ ತನಕ ಬೆಂಕಿ ಆರಲು ಬಿಡಲಿಲ್ಲ, ಸರದಿಯ ಮೇಲೆ ಕಾದರು. ಗೋಡೆ ನಿಂತಿತು. ನನ್ನ ಪಂಥ ಬಿತ್ತು.

"ಅವತ್ತು ನಾನೇನು ಹೇಳಿದೆ, ಅದನ್ನೂ ಹೇಳಿ," ಅಂದ ನೆಜು.

ಹೇಳಿದೆ. ಚಾಪೆ ಬಿಚ್ಚಿದ ದಿನ, ಇದನ್ನೇನೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಮುಯ್ಯಿ ಗಿಯ್ಯಿ ಏನೂ ಬೇಡ, ಇಬ್ಬರೂ ಬೆಚ್ಚಗಿರಿ ಅಂದಿದ್ದ. ಮತ್ತೆ ಅದೇ ಸಿಹಿ ಡಬ್ಬಿ, ಈ ಸಲ ಡಬ್ಬಿ ಇಲ್ಲದೆ.  

"ಆಮೇಲೆ ನೀವು ಏನಂದ್ರಿ?" ಅಂದಳು ಮಿಜುಹೊ.

ಚಳಿಗಾಲವೆಲ್ಲ ನಾನು ಅವತ್ತು ನೆಜುಗೆ ಸಿಕ್ಕ ಉತ್ತರವನ್ನು ನನ್ನದು ಅಂತಲೇ ಹೇಳಿಕೊಂಡು ಓಡಾಡಿದ್ದೇನೆ, ಅಂಚೆಯವನಿಗೆ, ಮೀನಿನ ಗಾಡಿಯವನಿಗೆ. ಈಗಲೂ ನಾಲಿಗೆ ತುದಿಗೆ ಬಂತು. ನುಯಿ ಗುದ್ದಲಿ ಕೆರೆಯುವುದನ್ನು ನಿಲ್ಲಿಸಿದ್ದಳು.

"ನಾನೇನೂ ಅನ್ನಲಿಲ್ಲ ಮಗಾ," ಅಂದೆ. "ಇವಳು ಅಂದಿದ್ದು. ನೆಜು ಮುಂದೆ ಹೋಗಿ ನಿಂತ್ಕೊಂಡು, 'ನಮ್ಮ ಕೈ ವಾಪಸ್ ತಗೊಳಲ್ಲ ಅಂದ್ರೆ, ನೀವು ಮೆತ್ತಿದ ಮಣ್ಣನ್ನೂ ಈಗಲೇ ಕೆರ್ಕೊಂಡು ಹೋಗಿ' ಅಂದ್ಲು. ಅಂದು ಅವನ ಕೈಗೆ ಕರಣೆ ಕೊಟ್ಲು."

ನೆಜು ಆಗ ಕರಣೆ ಹಿಡಿದುಕೊಂಡು ಗೋಡೆಯನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದ. ಆಮೇಲೆ ಕರಣೆಯನ್ನು ತಿರುಗಿ ಕೊಟ್ಟು, ವಸಂತದಲ್ಲಿ ಬೆಳಗ್ಗೆ ಬೇಗ ಬನ್ನಿ, ಗುದ್ದಲಿ ನಿಮ್ಮದೇ ತನ್ನಿ ಅಂದ. ಇದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ, ನುಯಿ ಪಕ್ಕದಲ್ಲೇ ಇದ್ದಳು.

ಲೋಟಗಳನ್ನು ತೊಳೆದಿಟ್ಟು ಎಲ್ಲರೂ ಎದ್ದರು. ಮಿಜುಹೊ ನನ್ನ ಹತ್ತಿರ ಬಂದು, ಬೇಸಿಗೆಯಲ್ಲಿ ತನ್ನ ಮನೆಯ ಮಣ್ಣು ತುಳಿಯಲು ಕೈ ಕೊಡುತ್ತೀರಾ ಅಂತ ಮೆಲ್ಲಗೆ ಕೇಳಿದಳು. ನನಗೆ ಮೊದಲ ಸಲಕ್ಕೇ ಕೇಳಿಸಿತು.

"ಕೊಡ್ತೀನಿ," ಅಂದೆ. "ನೀನು ಮುಯ್ಯಿ ತೀರಿಸ್ಬೇಕು ಮತ್ತೆ. ಅಜ್ಜಿ ಅಂತ ಬಿಟ್ರೆ ನೋಡು."