ಹತ್ತಿ ಗಿರಣಿಯಲ್ಲಿ ಕೂಸಿನ ಕೋಣೆ

ಹತ್ತಿಯ ರಾಶಿ ಪಕ್ಕದಲ್ಲಿ ಗೋಣಿತಟ್ಟು ಹಾಸಿ, ಕೂಸನ್ನು ಮಲಗಿಸಿ, ತಾಯಿ ಕೆಲಸಕ್ಕೆ ಕೂರುವುದು ರಾಯಚೂರಿನ ಮೀರಾಹುಸೇನನ ಗಿರಣಿಯಲ್ಲಿ ದಿನದ ನೋಟವಾಗಿತ್ತು. ಅವನ ಗಿರಣಿಯಲ್ಲಿ ಮೂವತ್ತನಾಲ್ಕು ಹೆಂಗಸರು ಹತ್ತಿಯಿಂದ ಕಸಕಡ್ಡಿ ಆರಿಸುತ್ತಿದ್ದರು. ಕೂಸುಗಳು ಧೂಳಿನಲ್ಲೇ ಕೆಮ್ಮುತ್ತಿದ್ದವು, ಅಲ್ಲೇ ನಿದ್ದೆ ಹೋಗುತ್ತಿದ್ದವು. ಮೀರಾಹುಸೇನ ಕೆಟ್ಟವನಲ್ಲ. ಆದರೆ ದಿನಾ ಕಂಡದ್ದು ಕಣ್ಣಿಗೆ ಹತ್ತುವುದಿಲ್ಲ ನೋಡಿ.

೧೯೭೭ರ ಜನವರಿಯಲ್ಲಿ ಮಾನ್ವಿಯಿಂದ ಗೆಳೆಯ ಹಂಪಣ್ಣ ಬಂದ. ಅವನದೂ ಹತ್ತಿ ಗಿರಣಿಯೇ.

"ಫ್ಯಾಕ್ಟರಿ ಕಾಯ್ದಿ ಬದಲಾಗ್ಯಾದ, ಗೊತ್ತದನು?" ಎಂದ ಹಂಪಣ್ಣ. "ಮೊದಲ ಐವತ್ತರ ಮ್ಯಾಲ ಹೆಣ್ಣಾಳು ಇದ್ರ ಅವರ ಕೂಸುಗಳಿಗೊಂದು ಖೋಲಿ ಇರಬೇಕಿತ್ತು. ಈಗ ಮೂವತ್ತರ ಮ್ಯಾಲ ಒಬ್ಬಾಕಿ ಇದ್ರೂ ಬೇಕು. ಆರು ವರ್ಷದೊಳಗಿನ ಮಕ್ಕಳಿಗೆ. ಗಾಳಿ ಬೆಳಕು ಇರಬೇಕು, ನೋಡಿಕೊಳ್ಳಾಕ ಕಲಿತ ಹೆಣ್ಣುಮಗಳು ಇರಬೇಕು, ತಾಯಂದ್ರು ನಡುನಡುವ ಹೋಗಿ ಮೊಲಿ ಕುಡಿಸಿ ಬರಾಕ ಬಿಡಬೇಕು."

ಮೀರಾಹುಸೇನ ನಕ್ಕ. "ನಾ ಗಿರಣಿ ನಡಸಾಕತ್ತೀನೋ, ತೊಟ್ಟಿಲಾ ತೂಗಾಕತ್ತೀನೋ? ನಾಕು ಮಂದಿನ ಬಿಡಿಸಿದ್ರ ಮೂವತ್ತೇ ಉಳೀತಾರ. ಮುಗೀತು."

"ಯಾವ ನಾಕು ಮಂದಿ?"

"ಕೂಸಿದ್ದವರು."

ಹಂಪಣ್ಣ ಚಹಾದ ಲೋಟ ಕೆಳಗಿಟ್ಟ. "ಕೂಸಿದ್ದಾಕಿಗೇ ಅಲ್ಲೇನೋ ದುಡಿಮಿ ಜಾಸ್ತಿ ಬೇಕಾಗಿರೋದು," ಎಂದಷ್ಟೇ ಹೇಳಿ ಎದ್ದು ಹೋದ.

ಸಂಜೆ ಮೀರಾಹುಸೇನ ಮೇಸ್ತ್ರಿ ತಾಯಣ್ಣನಿಂದ ನಾಲ್ಕು ಹೆಸರು ಬರೆಸಿದ. ಮೊದಲನೆಯದು ಅರಕೇರಾದಿಂದ ಬಂದಿದ್ದ ಯಮನಮ್ಮನದು. ಅವಳ ಮಗಳಿಗೆ ಏಳು ತಿಂಗಳು. ಸೋಮವಾರ ಹೇಳಿಬಿಡುವುದೆಂದು ಮಾತಾಯಿತು.

ಶನಿವಾರ ಮಧ್ಯಾಹ್ನ ಸಿರವಾರದಿಂದ ಬಂಡಿಗಳು ಬಂದವು. ಆಳುಗಳು ಅವಸರದಲ್ಲಿ ಹತ್ತಿ ಸುರಿದು ಹೋದರು. ಯಮನಮ್ಮ ಮಗಳಿಗೆ ಮೊಲೆ ಕುಡಿಸಲು ಬಂದಾಗ ಗೋಡೆಯ ತನಕ ಬರೀ ಹತ್ತಿ. ಅವಳು ಕೂಗಲಿಲ್ಲ. "ನನ್ನ ಕೂಸು ಅಲ್ಲಿ ಮಲಗಿತ್ತು," ಎಂದಳು ಸಣ್ಣ ದನಿಯಲ್ಲಿ.

ತಾಯಣ್ಣ ಓಡಿ ಯಂತ್ರ ನಿಲ್ಲಿಸಿದ. ಹೆಂಗಸರೆಲ್ಲ ಬರಿಗೈಯಿಂದ ಹತ್ತಿ ಬಗೆಯತೊಡಗಿದರು. ಮೀರಾಹುಸೇನನೂ ಮೊಣಕಾಲೂರಿ ಬಗೆದ. ಧೂಳಿಗೆ ಅವನಿಗೇ ಉಸಿರು ಕಟ್ಟಿತು. ದೊಡ್ಡವನಿಗೇ ಹೀಗಾದರೆ ಆ ಹಸುಗೂಸಿಗೆ? ಅಷ್ಟರಲ್ಲಿ ಬೆರಳಿಗೆ ಪುಟ್ಟ ಪಾದ ತಾಕಿತು. ಸುತ್ತಲಿನ ಹತ್ತಿ ಸರಿಸಿ ಕೂಸನ್ನು ಹೊರಗೆ ತೆಗೆದ.

ಹೆಂಗಸರಲ್ಲಿ ಹಿರಿಯಾಕೆ ಬಸವಂತಮ್ಮ ಕೂಸನ್ನು ಎತ್ತಿಕೊಂಡು ಮೂಗು ಬಾಯಿಗೆ ಮೆತ್ತಿದ ಹತ್ತಿಯ ಎಳೆ ತೆಗೆದಳು, ಬೆನ್ನು ತಟ್ಟಿದಳು. ಕೂಸು ಸೀನಿತು. ಆಮೇಲೆ ಗಿರಣಿ ತುಂಬ ಕೇಳುವಂತೆ ಅತ್ತಿತು.

ಯಮನಮ್ಮ ಮಗಳನ್ನು ಎದೆಗವಚಿಕೊಂಡು ಮೀರಾಹುಸೇನನ ಕಡೆ ತಿರುಗಿದಳು. "ನಿಮ್ಮ ಕೈಯಾಗ ನನ್ನ ಮಗಳು ಸಿಕ್ಕಳ್ರೀ ಸಾವ್ಕಾರ್ರ. ನಿಮ್ಮ ಉಪಕಾರ ಮರೆಯಾಂಗಿಲ್ಲ."

ಕೆಲಸ ಬಿಡಿಸುವವರ ಪಟ್ಟಿಯಲ್ಲಿ ಮೊದಲ ಹೆಸರಿದ್ದವಳು ಹೀಗೆ ಕೈ ಮುಗಿದಾಗ ಅವನಿಗೆ ತಲೆ ಎತ್ತಲಾಗಲಿಲ್ಲ. "ತಾಯಣ್ಣ, ಆ ನಾಕು ಹೆಸರಿನ ಚೀಟಿ ಹರದ ಹಾಕು," ಎಂದು ಹೊರಗೆ ನಡೆದ.

ಮರುದಿನವೇ ಬಸ್ಸು ಹತ್ತಿ ಮಾನ್ವಿಗೆ ಹೋದ. ಹಂಪಣ್ಣ ತನ್ನ ಗಿರಣಿಯ ಕೂಸಿನ ಕೋಣೆ ತೋರಿಸಿದ. ಸುಣ್ಣ ಬಳಿದ ಗೋಡೆ, ಜಂತಿಗೆ ಸೀರೆಯ ಜೋಳಿಗೆಗಳು, ನೀರಿನ ಕೊಡ, ಹಾಲಿನ ಪಾತ್ರೆ. "ಇಷ್ಟೇ ಏನು?" ಎಂದ ಮೀರಾಹುಸೇನ.

"ಇಷ್ಟೇ. ನೀ ಇದಕ್ಕ ಅಂಜಿದ್ದಿ."

ಮೂರು ವಾರದೊಳಗೆ ರಾಯಚೂರಿನ ಗಿರಣಿಯಲ್ಲೂ ಯಂತ್ರದಿಂದ ದೂರದ ಒಂದು ಕೋಣೆ ಖಾಲಿಯಾಯಿತು. ಕಿಟಕಿ ದೊಡ್ಡದಾಯಿತು. ಬಸವಂತಮ್ಮ ದವಾಖಾನೆಯ ನರ್ಸಮ್ಮನ ಹತ್ತಿರ ಕೂಸು ನೋಡಿಕೊಳ್ಳುವುದನ್ನು ಕಲಿತು ಬಂದಳು. ಕೋಣೆ ತೆರೆದ ದಿನ ಯಮನಮ್ಮ ಕೆಲಸ ಬಿಟ್ಟು ಆರು ಸಲ ಬಂದು ಇಣುಕಿದಳು. ಯಾರೂ ಗದರಿಸಲಿಲ್ಲ. ಯುಗಾದಿಯ ಹೊತ್ತಿಗೆ ಮೊಲೆ ಕುಡಿಸುವ ವೇಳೆಗೆ ಮಾತ್ರ ಬರತೊಡಗಿದಳು. ಕೆಲಸದ ನಡುವೆ ತಾಯಂದಿರ ಜೀವ ಕೂಸಿನ ಕಡೆಗೇ ಎಳೆಯುವುದು ತಪ್ಪಿತು. ಆರಿಸಿದ ಹತ್ತಿಯೂ ಮೊದಲಿಗಿಂತ ಸ್ವಚ್ಛವಾಗಿ ಬಂತು.

ಒಂದು ದಿನ ಯಮನಮ್ಮ ಮತ್ತೆ ಕೈ ಮುಗಿದಳು. ಮೀರಾಹುಸೇನ ತಡೆದ.

"ನನಗ ಕೈ ಮುಗೀಬ್ಯಾಡವ್ವಾ. ಇದು ನಾ ಕೊಟ್ಟಿದ್ದಲ್ಲ, ನಿನ್ನ ಹಕ್ಕು, ಕಾಯ್ದಿದಾಗ ಬರದದ. ನಾನೇ ತಡಾ ಮಾಡಿದೆ. ನಿನ್ನ ಮಗಳು ಉಳದು ನನ್ನನ್ನೂ ಉಳಿಸ್ಯಾಳ."

ಗಿರಣಿ, ಕಾರ್ಖಾನೆ ನಡೆಸುವ ಅಣ್ಣಂದಿರೇ, ನಿಮ್ಮಲ್ಲಿ ದುಡಿಯುವ ಹೆಣ್ಣುಮಕ್ಕಳನ್ನು ಒಮ್ಮೆ ಎಣಿಸಿ. ಮೂವತ್ತು ದಾಟಿದ್ದರೆ ಕೂಸಿನ ಕೋಣೆ ತೆರೆಯಿರಿ. ದುಡಿಯುವ ತಾಯಂದಿರೇ, ಕೋಣೆ ಇಲ್ಲದಿದ್ದರೆ ಕೇಳಿ, ಅಂಜಬೇಡಿ. ಮೂವತ್ತು ದಾಟದಿದ್ದಲ್ಲಿ ಕಾಯ್ದೆ ಯಾರನ್ನೂ ಕೇಳುವುದಿಲ್ಲ. ಆದರೂ ಮಾಲೀಕರು ತಮ್ಮನ್ನು ತಾವೇ ಕೇಳಿಕೊಳ್ಳಲಿ: ಇವತ್ತು ನಮ್ಮ ಗಿರಣಿಯಲ್ಲಿ ಕೂಸುಗಳು ಎಲ್ಲಿ ಮಲಗಿವೆ?