ಐವತ್ತರ ಮೇಲೆ ಇಪ್ಪತ್ತು

ಬಿಲ್ಲು ಹಾಕಿಸುವ ಮುಂಚೆಯೇ ಕಾಟಮ್ಮ ಕುಂಕುಮದ ಭರಣಿ ತೆಗೆದು, ಶಿವಶಿವಾ ಎನ್ನುತ್ತ ಧಾರೆ ಸೀರೆಯ ಅಂಚಿಗೆ ಬೊಟ್ಟಿಟ್ಟುಬಿಟ್ಟಳು. ಬೊಟ್ಟು ಬಿದ್ದ ಮೇಲೆ ಆ ಸೀರೆ ಮದುಮಗಳದೇ. ಹಿಂದಕ್ಕೆ ಕೊಟ್ಟರೆ ಮದುವೆಗೇ ಕೇಡು ಬಯಸಿದಂತೆ. ಅತ್ತೆಯನ್ನು ತಡೆಯಬೇಕೆಂದು ಲತಾಗೆ ಹೊಳೆಯಲೂ ಇಲ್ಲ.

ಲತಾಳ ಮಗನ ಮದುವೆಯ ಜವಳಿಗೆಂದು ಅತ್ತೆ ಸೊಸೆ ಕೊಕ್ಕನೂರಿನಿಂದ ದಾವಣಗೆರೆಗೆ ಬಂದಿದ್ದರು. ನಿಜಲಿಂಗಪ್ಪ ಬಡಾವಣೆಯಿಂದ ಹುಡುಗಿಯ ತಾಯಿ ಶಾಂತಲಾ ಬಂದು ಸೇರಿಕೊಂಡಿದ್ದಳು. ಅಂಗಡಿಯ ಬಾಗಿಲಲ್ಲೇ ‘ಶೇಕಡಾ 50 + 20 ರಿಯಾಯಿತಿ’ ಎಂಬ ಬೋರ್ಡು. ಲತಾ ಎರಡನ್ನೂ ಕೂಡಿದಳು, ಎಪ್ಪತ್ತಾಯಿತು. ಹದಿನೈದು ಸಾವಿರದ ಧಾರೆ ಸೀರೆ ಅವಳ ಲೆಕ್ಕದಲ್ಲಿ ನಾಲ್ಕೂವರೆಗೆ ಇಳಿಯಿತು. ಅದೇ ಧೈರ್ಯದ ಮೇಲೆ, ಬೀಗಿತ್ತಿಯೂ ಒಂದು ಆರಿಸಿಕೊಳ್ಳಲೇಬೇಕೆಂದು ಬಲವಂತ ಮಾಡಿ ಐದು ಸಾವಿರದ್ದೊಂದನ್ನು ಎತ್ತಿಸಿದಳು. ಅದು ಒಂದೂವರೆ, ಒಟ್ಟು ಆರು. ಪರ್ಸಿನಲ್ಲಿ ಆರೂವರೆ ಸಾವಿರವಿತ್ತು.

ಗಲ್ಲೆಯ ಮೇಲಿದ್ದ ಇಜಾಜ್ ಎಂಟು ಸಾವಿರ ಎಂದ.

ತಪ್ಪಾಗಿದೆ, ಇನ್ನೊಮ್ಮೆ ನೋಡಿ ಎಂದಳು ಲತಾ. ಅವನು ಲೆಕ್ಕದ ಯಂತ್ರವನ್ನು ಇವಳ ಕಡೆ ತಿರುಗಿಸಿದ.

“ಮೊದ್ಲು ಅರ್ಧ ಹೋಗ್ತದಮ್ಮ. ಉಳಿದ ಅರ್ಧದ ಮ್ಯಾಗ ಇಪ್ಪತ್ತು. ಎಪ್ಪತ್ತಲ್ಲ, ಅರವತ್ತು ಬರ್ತದೆ.”

ಲತಾ ಪರ್ಸಿನಲ್ಲಿದ್ದುದನ್ನು ಇನ್ನೊಮ್ಮೆ ಎಣಿಸಿದಳು. ಮಗನಿಗೆ ಫೋನ್ ಮಾಡುವಂತಿಲ್ಲ. ಅವನ ಖಾತೆಯಲ್ಲಿದ್ದದ್ದೆಲ್ಲ ನಿನ್ನೆಯಷ್ಟೇ ಛತ್ರಕ್ಕೆ ಹೋಗಿತ್ತು. ಬೀಗಿತ್ತಿ ದುಡ್ಡು ಹಾಕಿದರೆ, ಹೆಣ್ಣಿನವರ ದುಡ್ಡಲ್ಲಿ ಧಾರೆ ಸೀರೆ ತಂದರೆಂಬ ಮಾತು ಸಾಯುವ ತನಕ ಬೆನ್ನು ಬಿಡುವುದಿಲ್ಲ. ಹಿಂದಕ್ಕೆ ಕೊಡಬಹುದಾದ್ದು ಬೀಗಿತ್ತಿಯ ಸೀರೆಯೊಂದೇ. ಆಕೆಯೋ ಕನ್ನಡಿಯ ಮುಂದೆ ಅದರ ಸೆರಗನ್ನು ಹೆಗಲಿಗೆ ಹಾಕಿಕೊಂಡು ಹಿಂದೆ ಮುಂದೆ ನೋಡಿಕೊಳ್ಳುತ್ತಿದ್ದಳು.

ಹಿಂದೆ ನಿಂತವರು ಗೊಣಗತೊಡಗಿದರು. ಕಾಟಮ್ಮ ಸೊಸೆಯ ಕಿವಿಗೆ ಬಾಗಿದಳು.

“ಆಕಿದು ಇಲ್ಲೇ ಬಿಟ್ಟು ನಡಿ. ಮರ್ತು ಬಂದ್ವಿ ಅಂದ್ರಾತು.”

“ಶಿವನ ಹೆಸರು ಹೇಳೋ ಬಾಯಿ ಅತ್ತೆ ಅದು,” ಎಂದು ಲತಾ ನೇರ ಕನ್ನಡಿಯ ಬಳಿಗೆ ಹೋದಳು.

“ಬೀಗ್ರೇ, ನನ್ ಲೆಕ್ಕ ತಪ್ಪೈತ್ರಿ. ಐವತ್ತು ಇಪ್ಪತ್ತು ಕೂಡ್ಸಿಬಿಟ್ಟೆ. ನನ್ನತ್ರ ಇರೋದು ಧಾರೆ ಸೀರೆಗೆ ಮಾತ್ರ ಆಗ್ತದೆ.”

ಕನ್ನಡಿಯಲ್ಲಿ ಶಾಂತಲಾಳ ಮುಖ ಬಿಗಿಯಿತು. ಆಕೆ ತಿರುಗದೆ, ಲತಾಳನ್ನು ಕನ್ನಡಿಯೊಳಗೇ ನೋಡಿದಳು. ಮುಗಿಯಿತು ಸಂಬಂಧ ಎಂದುಕೊಂಡಳು ಲತಾ. ಶಾಂತಲಾಳ ಕೈ ಹೆಗಲಿಗೆ ಹೋಯಿತು, ಸೆರಗು ಇಳಿಯಿತು. ಸೀರೆಯನ್ನು ಮಡಿಕೆ ಕೆಡದಂತೆ ಮಡಚಿ ತಾನೇ ಗಲ್ಲೆಯ ಮೇಲಿಟ್ಟು, ಇದನ್ನು ಬಿಲ್ಲಿನಿಂದ ತೆಗೆಯಿರಿ ಎಂದಳು.

“ಬೀಗಿತ್ತಿಗೆ ಸೀರೆ ಉಡಿಸ್ಲಿಲ್ಲ ಅಂತ ಊರಾಗ ಕೇಳಿದ್ರ ಏನ್ ಹೇಳಾಣವ್ವ?” ಎಂದಳು ಕಾಟಮ್ಮ ಸಣ್ಣ ದನಿಯಲ್ಲಿ.

“ನನಗ ಬಣ್ಣ ಹಿಡಿಸ್ಲಿಲ್ಲ ಅಂತ ಹೇಳ್ರಿ. ಭಾಳ ಜಂಬದಾಕಿ ಅಂತ ಬೇಕಾದ್ರ ಸೇರಿಸ್ರಿ,” ಎಂದಳು ಶಾಂತಲಾ.

ಲತಾ ಆರು ಸಾವಿರ ಎಣಿಸಿಕೊಟ್ಟಳು.