ಎದ್ದೇಳುವ ದಿನದ ಸೀರೆ

ನಾನು ಒಂದು ಬಿಳಿ ಸೀರೆ, ಹುಟ್ಟು ಪುಕ್ಕಲಿ. ಬೆಟಗೇರಿಯ ಮಗ್ಗದಲ್ಲಿದ್ದಾಗ ಲಾಳಿ ಹಾರಿದರೂ ಬೆಚ್ಚಿಬೀಳುತ್ತಿದ್ದೆ. ಮಗ್ಗದಿಂದ ಇಳಿಸಿದ ದಿನವೇ ಹೆಂಗಸೊಬ್ಬಳು ನನ್ನನ್ನು ಕೆನ್ನೆಗೆ ಒತ್ತಿಕೊಂಡು, ‘ನಾ ಸತ್ತಾಗ ಉಡಸಾಕ ಛಲೋ ಆತು’ ಎಂದಳು. ನನ್ನ ಜೀವ ಬಾಯಿಗೆ ಬಂತು.

ಅವಳು ದೊರ್ಕಮ್ಮ, ಚರ್ಚಿನ ಓಣಿಯ ಸೂಲಗಿತ್ತಿ. ಕೊನೆಯ ದಿನದ ಬಿಳಿ ಸೀರೆಯನ್ನು ತಾವೇ ಕೊಂಡು ತೆಗೆದಿಡುವುದು ಆ ಓಣಿಯ ಮುದುಕಿಯರ ರೂಢಿ. ನಾನು ಟ್ರಂಕಿನಲ್ಲಿ ಡಾಂಬರು ಗುಳಿಗೆಗಳ ನಡುವೆ ನಡುಗುತ್ತ ಮಲಗಿದೆ. ಈಸ್ಟರ್ ಬೆಳಿಗ್ಗೆ ಸಮಾಧಿಗಳ ನಡುವಿನ ಪ್ರಾರ್ಥನೆ ಮುಗಿಸಿ ಬಂದು ಅವಳು ನನ್ನನ್ನು ಬಿಸಿಲಿಗೆ ಹಾಕುತ್ತಿದ್ದಳು. ‘ಸತ್ತವರೆಲ್ಲ ಏಳೋ ದಿನ ನಾ ಛಂದ ಕಾಣಬೇಕು’ ಎಂದು ನಗುತ್ತಿದ್ದಳು. ನನಗೋ ಕಣ್ಣಿಗೆ ಕಟ್ಟುತ್ತಿದ್ದುದು ಮಣ್ಣು ಮತ್ತು ಗೆದ್ದಲು.

ಒಮ್ಮೆ ಅವಳಿಗೆ ವಿಪರೀತ ಜ್ವರ. ಪಕ್ಕದ ಮನೆಯ ಸುವಾರ್ತಮ್ಮ ಅವಸರದ ಹೆಂಗಸು. ನನ್ನನ್ನು ಹೊರಗೆಳೆದು ಮಂಚದ ಮೇಲೆ ಹರಡಿಯೇಬಿಟ್ಟಳು. ದೊರ್ಕಮ್ಮ ಒಂದೇ ಕಣ್ಣು ತೆರೆದು, ‘ಇನ್ನೂ ಉಸುರೈತಿ ಸುವಾರ್ತಿ. ಮಡಚಿಡು’ ಎಂದಳು. ಸದ್ಯ, ಬದುಕಿದೆ ಎಂದುಕೊಂಡೆ.

ಮತ್ತೊಂದು ಮಧ್ಯಾಹ್ನ ಟ್ರಂಕು ಧಡಾರನೆ ತೆರೆಯಿತು. ಸುಟ್ಟ ವಾಸನೆ, ಅಳು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ನೋಡಿದರೆ, ಹಿಂದಿನ ಮನೆಗೆ ಬೆಂಕಿ ಬಿದ್ದು, ಮರುದಿನ ಮದುಮಗಳಾಗಬೇಕಿದ್ದ ರಾಹೇಲಳ ಮದುವೆಯ ಬಿಳಿ ಸೀರೆ ಬೂದಿಯಾಗಿತ್ತು. ದೊರ್ಕಮ್ಮ ನನ್ನನ್ನು ಅವಳ ಮಡಿಲಿಗೆ ಹಾಕಿದಳು.

‘ಸಾಯೋ ಸೀರಿ ಮದುವಿಗೆ ಉಡಸ್ತಿಯೇನ? ಹುಡುಗಿಗೆ ಏನಾರ ಆದ್ರ?’ ಎಂದು ಸುವಾರ್ತಮ್ಮ ತಡೆದಳು. ರಾಹೇಲ ನನ್ನನ್ನು ಮಡಿಲಿನಿಂದ ಆಚೆ ಸರಿಸಿದಳು. ನಾನು ನಡುಗಿದೆ.

‘ಸಾಯಾಕಲ್ಲ, ಏಳಾಕಂತ ಇಟ್ಟಿದ್ದೆ. ನನ್ನ ಎಬ್ಬಸಾಂವ ಅರಿವಿ ಕೊಡದ ಇರ್ತಾನೇನ? ಉಟ್ಕೋ ಮಗಳ’ ಎಂದಳು ದೊರ್ಕಮ್ಮ.

ಮದುವೆ ಪೂರ್ತಿ ನಾನು ಬೆವರಿದೆ. ಹುಡುಗ ಎಡವಿದರೆ? ದೀಪ ಆರಿದರೆ? ನನ್ನಿಂದಲೇ ಆಯಿತು ಅನ್ನುತ್ತಾರಲ್ಲ! ಕಡೆಗೆ ಆದದ್ದಿಷ್ಟು: ಸೆರಗಿಗೆ ಒಂದಿಷ್ಟು ಪಾಯಸ ಚೆಲ್ಲಿತು. ಆ ಕಲೆ ಇನ್ನೂ ಇದೆ.

ಮರುವರ್ಷ ದೊರ್ಕಮ್ಮ ನಿಜವಾಗಿಯೂ ತೀರಿಕೊಂಡಳು. ರಾಹೇಲ ಅಳುತ್ತ ನನ್ನನ್ನು ತಂದಳು. ತೇಪೆ ಹಾಕಿದ ನೀಲಿ ಸೀರೆಯಲ್ಲಿ ದೊರ್ಕಮ್ಮ ಮಲಗಿದ್ದಳು. ಶವಪೆಟ್ಟಿಗೆಯ ಪಕ್ಕದಲ್ಲಿ ಮೊಳೆ, ಸುತ್ತಿಗೆ. ಭಯದಿಂದ ನನ್ನ ಎಳೆ ಎಳೆಯೂ ಬಿಗಿದುಕೊಂಡಿತು.

ಸುವಾರ್ತಮ್ಮ ರಾಹೇಲಳ ಕೈ ಹಿಡಿದಳು. ‘ಬ್ಯಾಡವಾ. ಇದು ಇನ್ನೊಬ್ಬ ಮದುಮಗಳಿಗೆ ಇರಲಿ ಅಂತ ಹೇಳಿ ಹೋಗ್ಯಾಳ.’ ಆಮೇಲೆ ಮನೆಗೆ ಹೋಗಿ, ತನ್ನ ಟ್ರಂಕಿನಲ್ಲಿ ತನಗಾಗಿ ಇಟ್ಟುಕೊಂಡಿದ್ದ ಬಿಳಿ ಸೀರೆಯನ್ನು ತಂದು ದೊರ್ಕಮ್ಮನಿಗೆ ಉಡಿಸಿದಳು.

‘ಮತ್ತ ನಿಮಗ?’ ಎಂದಳು ರಾಹೇಲ.

‘ನನಗೂ ಎಬ್ಬಸಾಂವನ ಕೊಡ್ತಾನ’ ಎಂದಳು ಸುವಾರ್ತಮ್ಮ. ದೊರ್ಕಮ್ಮನ ಸೆರಗನ್ನು ಸರಿಪಡಿಸಿದಳು.

ಆಮೇಲೆ ಎಷ್ಟೋ ಮದುವಣಗಿತ್ತಿಯರು ನನ್ನನ್ನು ಉಟ್ಟರು. ಈಗ ರಾಹೇಲಳ ಟ್ರಂಕಿನಲ್ಲಿ ಮುದಿಯಾಗಿದ್ದೇನೆ, ನೂಲು ಜಾಳಾಗಿದೆ. ಮುಚ್ಚಳ ಕಿರುಗುಟ್ಟಿದರೆ ಇಂದಿಗೂ ಎದೆ ಝಲ್ಲೆನ್ನುತ್ತದೆ. ಯಾರ ಮದುವೆಯಲ್ಲಿ ಹರಿದುಹೋಗಿ ಮಾನ ಕಳೆಯುತ್ತೇನೋ ಎಂಬ ಭಯ. ಸುವಾರ್ತಮ್ಮನ ಆ ಸೀರೆ ಮಣ್ಣಿನಡಿ ದೊರ್ಕಮ್ಮನ ಜೊತೆ ಏಳುವ ದಿನಕ್ಕಾಗಿ ಕಾಯುತ್ತಿದೆ. ಪುಕ್ಕಲಿಯಾದ ನನಗೆ ಅದನ್ನು ನೆನೆದರೆ ಹೊಟ್ಟೆಕಿಚ್ಚಾಗುತ್ತದೆ.